ಯುರಿಕೊ ಕೊಯಿಕೆ: ದೂರದರ್ಶನದ ನಿರೂಪಕಿ ಟೋಕಿಯೊ ಮಹಾನಗರದ ಗವರ್ನರ್ ಆದ ಬಗೆ

ಜಪಾನಿನ ರಾಜಧಾನಿ ಟೋಕಿಯೊ ಮಹಾನಗರದ ಆಡಳಿತ ಸೂತ್ರವನ್ನು 2016ರಲ್ಲಿ ಕೈಗೆತ್ತಿಕೊಂಡು, 2020 ಹಾಗೂ 2024ರಲ್ಲಿ ಮತ್ತೆರಡು ಬಾರಿ ಜನರ ಮತದಿಂದಲೇ ಅದೇ ಪದವಿಗೆ ಆರಿಸಿ ಬಂದ ಯುರಿಕೊ ಕೊಯಿಕೆಯವರು ವೃತ್ತಿಯಿಂದ ಮೊದಲು ದೂರದರ್ಶನದ ನಿರೂಪಕಿ. ಗಣ್ಯರನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುವುದು ಅವರ ಕಾಯಕವಾಗಿತ್ತು. ನಲವತ್ತನೆಯ ವಯಸ್ಸಿನಲ್ಲಿ ಅವರು ಆ ಆಸನವನ್ನು ಬಿಟ್ಟು, ಉತ್ತರ ಕೊಡಬೇಕಾದ ಆಸನಕ್ಕೆ ಬಂದರು. ಅಲ್ಲಿಂದ ಮುಂದಿನ ಮೂರು ದಶಕಗಳ ಅವರ ಬದುಕು, ಪರದೆಯ ಮೇಲಿನ ಪರಿಚಯವು ರಾಜಕಾರಣದಲ್ಲಿ ಎಲ್ಲಿಯವರೆಗೆ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದಕ್ಕೆ ಉತ್ತಮ ನಿದರ್ಶನವಾಗಿದೆ.

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆನಿಂತ ನಮಗೆ ಜಪಾನು ಇಂದು ಅಷ್ಟೊಂದು ದೂರದ ದೇಶವಲ್ಲ. 2017ರ ಸೆಪ್ಟೆಂಬರ್ 14ರಂದು ಅಹಮದಾಬಾದಿನಲ್ಲಿ ಶಂಕುಸ್ಥಾಪನೆಗೊಂಡ 508 ಕಿಲೋಮೀಟರ್ ಉದ್ದದ ಮುಂಬಯಿ - ಅಹಮದಾಬಾದ್ ಬುಲೆಟ್ ರೈಲು ಮಾರ್ಗ ಜಪಾನಿನ ಸಾಲ ಮತ್ತು ತಂತ್ರಜ್ಞಾನದ ನೆರವಿನ ಯೋಜನೆ. ಅದರ ಸುರಂಗವು ಥಾಣೆ ಖಾರಿಯ ಅಡಿಯಿಂದ ಹಾದು ಶಿಳ್‌ಫಾಟಾದ ಬಳಿ ಮೇಲಕ್ಕೆ ಬರುವಂತೆ ರೂಪಿಸಲಾಗಿದೆ. ಅದಕ್ಕಿಂತ ಮುಖ್ಯವಾದ ಸಾಮ್ಯ ಇನ್ನೊಂದಿದೆ. ಕಾಲಿಡಲು ಜಾಗವಿಲ್ಲದ ಬೆಳಗಿನ ರೈಲು, ದುಡಿಯುವ ತಾಯಂದಿರಿಗೆ ಸಿಗದ ಶಿಶುಪಾಲನಾ ಕೇಂದ್ರ, ಊರ ನಡುವಿನಿಂದ ಹೊರಗೆ ಹೋಗಬೇಕಾದ ಸಗಟು ಮಾರುಕಟ್ಟೆ - ಕೊಯಿಕೆಯವರು ಎದುರಿಸಿದ ಈ ಮೂರೂ ಪ್ರಶ್ನೆಗಳು ನಮ್ಮ ಮನೆಯಂಗಳದವೇ. ಆದ್ದರಿಂದ ಅವರ ಜೀವನ ಪರಿಚಯವನ್ನು ನಮ್ಮ ಓದುಗರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ನಟರು ಬೇರೆ, ನಿರೂಪಕರು ಬೇರೆ

ಕಲಾವಿದರು ರಾಜಕಾರಣಕ್ಕೆ ಬರುವುದು ಕನ್ನಡಿಗರಿಗೆ ಹೊಸದಲ್ಲ. ರಂಗಭೂಮಿಯ 'ಮುಖ್ಯಮಂತ್ರಿ' ಚಂದ್ರು ಅವರು 1985ರಲ್ಲಿ ಗೌರಿಬಿದನೂರಿನಿಂದ ವಿಧಾನಸಭೆಗೆ ಆಯ್ಕೆಯಾದರು. ಮುಂಬಯಿಯ ರಂಗಭೂಮಿಯಲ್ಲಿ ಪಳಗಿದ ಅನಂತನಾಗ್ ಅವರು 1994ರಲ್ಲಿ ಮಲ್ಲೇಶ್ವರದಿಂದ ಗೆದ್ದು ಜೆ.ಎಚ್. ಪಟೇಲರ ಸಂಪುಟದಲ್ಲಿ ಸಚಿವರಾದರು. ಅಂಬರೀಶ್, ಉಮಾಶ್ರೀ, ಜಯಮಾಲಾ ಅವರೂ ಸಚಿವ ಪದವಿಗೇರಿದವರೇ. ಇವರೆಲ್ಲರೂ ಮೂಲತಃ ನಟನಟಿಯರು. ನಟನನ್ನು ಜನರು ಅವನು ಧರಿಸಿದ ಪಾತ್ರಗಳ ಮೂಲಕ ಪ್ರೀತಿಸುತ್ತಾರೆ. ನಿರೂಪಕನ ಮಾತು ಹಾಗಲ್ಲ. ಅವನು ತನ್ನದೇ ಹೆಸರಿನಲ್ಲಿ, ತನ್ನದೇ ಮುಖದಲ್ಲಿ ದಿನವೂ ಮನೆಯೊಳಗೆ ಬಂದು ಮಾತನಾಡುತ್ತಾನೆ. ನೋಡುಗರು ಅವನ ತಿಳಿವಳಿಕೆಯನ್ನು ನಂಬುತ್ತಾರೆ, ತಮ್ಮ ಪರವಾಗಿ ಪ್ರಶ್ನೆ ಕೇಳುವವನೆಂದು ಎಣಿಸುತ್ತಾರೆ. ಆ ನಂಬಿಕೆಯೇ ಅವನ ಬಂಡವಾಳ.

ಈ ಬಂಡವಾಳವನ್ನು ರಾಜಕಾರಣದಲ್ಲಿ ತೊಡಗಿಸಿದ ದೇಶಗಳಲ್ಲಿ ಜಪಾನು ಮುಂಚೂಣಿಯಲ್ಲಿದೆ. ಅಲ್ಲಿ ಇಂಥವರಿಗೆ 'ತಾರೆಂತೊ ಗಿಯಿನ್', ಅಂದರೆ ಜನಪ್ರಿಯ ಕಲಾವಿದ ಸಂಸದರು ಎಂಬ ಹೆಸರೇ ಇದೆ. 1968ರ ಮೇಲ್ಮನೆ ಚುನಾವಣೆಯಲ್ಲಿ ಕಾದಂಬರಿಕಾರ ಶಿಂತಾರೊ ಇಶಿಹಾರ, ದೂರದರ್ಶನದ ಬರಹಗಾರ ಹಾಗೂ ಕಲಾವಿದ ಯುಕಿಯೊ ಆಓಶಿಮ, ಹಾಸ್ಯಗಾರ ಯೊಕೊಯಾಮ ನೊಕ್ ಒಟ್ಟಿಗೇ ಆಯ್ಕೆಯಾದರು. ಆಗ ಮೇಲ್ಮನೆಯ ಒಂದು ಪಾಲು ಸದಸ್ಯರನ್ನು ಇಡೀ ದೇಶವನ್ನೇ ಒಂದು ಕ್ಷೇತ್ರವೆಂದು ಪರಿಗಣಿಸಿ ಆರಿಸುತ್ತಿದ್ದರು. ಊರೂರು ತಿರುಗದೆ ದೇಶವೆಲ್ಲ ಪರಿಚಿತರಾದವರಿಗೆ ಆ ಪದ್ಧತಿ ವರವಾಯಿತು. 1995ರ ಏಪ್ರಿಲ್‌ನಲ್ಲಿ ಆಓಶಿಮ ಟೋಕಿಯೊಗೂ ಯೊಕೊಯಾಮ ಒಸಾಕಾಗೂ ಗವರ್ನರ್ ಆದರು. 2007ರಲ್ಲಿ ಹಾಸ್ಯ ಕಲಾವಿದ ಹಿಡೆಓ ಹಿಗಾಶಿಕೊಕುಬಾರು ಮಿಯಾಜಾಕಿ ಪ್ರಾಂತ್ಯವನ್ನೂ, 2008ರಲ್ಲಿ ದೂರದರ್ಶನದಿಂದ ಹೆಸರಾದ ವಕೀಲ ತೋರು ಹಾಶಿಮೊತೊ ಒಸಾಕಾವನ್ನೂ ಗೆದ್ದರು. ಈ ಸಾಲಿನಲ್ಲಿ ಬಹುಕಾಲ ನಿಂತವರು ಕೊಯಿಕೆ.

ಇಲ್ಲಿ ಒಂದು ಸ್ಪಷ್ಟನೆ ಅಗತ್ಯ. ನಮ್ಮ ದೇಶದ ರಾಜ್ಯಪಾಲರು ನೇಮಕಗೊಂಡವರು; ಜಪಾನಿನ ಗವರ್ನರ್ ಜನರಿಂದ ನೇರವಾಗಿ ಚುನಾಯಿತರಾದ ಆಡಳಿತ ಮುಖ್ಯಸ್ಥರು. ಸುಮಾರು 1.4 ಕೋಟಿ ಜನಸಂಖ್ಯೆಯ ಟೋಕಿಯೊದ ಗವರ್ನರ್ ಎಂದರೆ ನಮ್ಮ ಮುಖ್ಯಮಂತ್ರಿ, ಮೇಯರ್ ಹಾಗೂ ಪಾಲಿಕೆ ಆಯುಕ್ತರ ಅಧಿಕಾರಗಳು ಬಹುಪಾಲು ಒಬ್ಬರಲ್ಲೇ ಸೇರಿದಂತೆ.

ಆಶಿಯಾದಿಂದ ಕೈರೋಗೆ

ಯುರಿಕೊ ಕೊಯಿಕೆಯವರು 1952ರ ಜುಲೈ 15ರಂದು ಹ್ಯೋಗೊ ಪ್ರಾಂತ್ಯದ ಆಶಿಯಾ ಪಟ್ಟಣದಲ್ಲಿ ಜನಿಸಿದರು. ತಂದೆ ವಿದೇಶ ವ್ಯಾಪಾರ ಮಾಡುತ್ತಿದ್ದವರು. ಅವರು 1969ರಲ್ಲಿ ಸಂಸತ್ತಿನ ಕೆಳಮನೆಗೆ ಸ್ಪರ್ಧಿಸಿ ಸೋತರು. ಹೀಗೆ ಚುನಾವಣೆಯ ಮೊದಲ ಪಾಠ ಮಗಳಿಗೆ ಸೋಲಿನ ಮನೆಯಲ್ಲೇ ದೊರೆಯಿತು.

ಕ್ವಾನ್ಸೇ ಗಾಕುಯಿನ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ಯುರಿಕೊ ಅದನ್ನು 1971ರಲ್ಲಿ ಅರ್ಧಕ್ಕೆ ಬಿಟ್ಟು ಈಜಿಪ್ಟಿಗೆ ಹೊರಟರು. ಅಂದಿನ ಜಪಾನಿನ ಯುವಜನರು ಸಾಮಾನ್ಯವಾಗಿ ಅಮೆರಿಕ ಇಲ್ಲವೇ ಯುರೋಪಿನತ್ತ ನೋಡುತ್ತಿದ್ದರು. ಅರಬ್ಬೀ ಭಾಷೆಯನ್ನು ಕಲಿಯಲು ಹೊರಟ ಹೆಣ್ಣುಮಗಳ ನಿರ್ಧಾರ ವಿಚಿತ್ರವೆನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ 1973ರ ಅಕ್ಟೋಬರ್ ಯುದ್ಧ ಮತ್ತು ಅದರ ಬೆನ್ನಲ್ಲೇ ಬಂದ ತೈಲ ಬಿಕ್ಕಟ್ಟು ಎಲ್ಲವನ್ನೂ ಬದಲಿಸಿತು. ಮಧ್ಯಪ್ರಾಚ್ಯದ ತೈಲವನ್ನೇ ನಂಬಿದ್ದ ಜಪಾನಿಗೆ ಅರಬ್ಬೀ ಬಲ್ಲವರು ಒಮ್ಮೆಲೇ ಬೇಕಾದವರಾದರು. ಕೈರೋದ ಅಮೆರಿಕನ್ ವಿಶ್ವವಿದ್ಯಾನಿಲಯದಲ್ಲಿ ಭಾಷೆಯನ್ನು ಕಲಿತ ಅವರು, 1976ರಲ್ಲಿ ಕೈರೋ ವಿಶ್ವವಿದ್ಯಾನಿಲಯದಿಂದ ಸಮಾಜಶಾಸ್ತ್ರದ ಪದವಿ ಪಡೆದರೆಂಬುದು ಅವರ ಅಧಿಕೃತ ಪರಿಚಯ. ಈ ಪದವಿಯ ಬಗ್ಗೆ ಜಪಾನಿನಲ್ಲಿ ಪದೇ ಪದೇ ಸಂಶಯಗಳೆದ್ದವು. 2020ರ ಜೂನ್‌ನಲ್ಲಿ ಕೈರೋ ವಿಶ್ವವಿದ್ಯಾನಿಲಯವೇ ಹೇಳಿಕೆ ನೀಡಿ ಅವರು 1976ರಲ್ಲಿ ಪದವಿ ಪಡೆದದ್ದು ನಿಜವೆಂದು ದೃಢಪಡಿಸಿತು. ಆದರೂ 2024ರ ಚುನಾವಣೆಯ ಹೊತ್ತಿಗೆ ವಿವಾದ ಮತ್ತೆ ತಲೆಯೆತ್ತಿತು.

ಸ್ಟುಡಿಯೋದ ದೀಪಗಳ ಕೆಳಗೆ

ಸ್ವದೇಶಕ್ಕೆ ಮರಳಿದ ಕೊಯಿಕೆಯವರು ಅರಬ್ಬೀ ಭಾಷೆಯ ದುಭಾಷಿಯಾಗಿ ದುಡಿದರು. 1970ರ ದಶಕದ ಕೊನೆಯಲ್ಲಿ ಜಪಾನಿನ ದೂರದರ್ಶನಕ್ಕಾಗಿ ಲಿಬಿಯಾದ ಮುಅಮ್ಮರ್ ಗದ್ದಾಫಿ ಮತ್ತು ಪ್ಯಾಲೆಸ್ಟೈನಿನ ಯಾಸರ್ ಅರಾಫತ್ ಅವರ ಸಂದರ್ಶನಗಳಲ್ಲಿ ಪಾಲ್ಗೊಂಡದ್ದು ಅವರ ಹೆಸರನ್ನು ಮುನ್ನೆಲೆಗೆ ತಂದಿತು. 1979ರಿಂದ ನಿಪ್ಪಾನ್ ಟೆಲಿವಿಷನ್ನಿನಲ್ಲಿ ವಿಮರ್ಶಕ ಕೆನಿಚಿ ತಾಕೆಮುರ ಅವರ ಚರ್ಚಾ ಕಾರ್ಯಕ್ರಮದಲ್ಲಿ ಸಹ ನಿರೂಪಕಿಯಾದರು. ಹಿರಿಯ ಗಂಡಸು ಮಾತನಾಡುವುದು, ಪಕ್ಕದಲ್ಲಿ ಕುಳಿತ ಯುವತಿ ತಲೆಯಾಡಿಸುವುದು ಅಂದಿನ ಜಪಾನೀ ದೂರದರ್ಶನದ ರೂಢಿ. ಆ ಪಕ್ಕದ ಕುರ್ಚಿಯಿಂದ ನಡುವಿನ ಕುರ್ಚಿಗೆ ಬರಲು ಅವರಿಗೆ ಒಂಬತ್ತು ವರ್ಷಗಳು ಹಿಡಿದವು.

1988ರ ಏಪ್ರಿಲ್‌ನಲ್ಲಿ ಟಿವಿ ಟೋಕಿಯೊ ವಾಹಿನಿ 'ವರ್ಲ್ಡ್ ಬಿಸಿನೆಸ್ ಸ್ಯಾಟಲೈಟ್' ಎಂಬ ರಾತ್ರಿಯ ಆರ್ಥಿಕ ವಾರ್ತಾ ಕಾರ್ಯಕ್ರಮವನ್ನು ಆರಂಭಿಸಿದಾಗ ಕೊಯಿಕೆಯವರು ಅದರ ಪ್ರಧಾನ ನಿರೂಪಕಿಯಾದರು. ಅದು ಜಪಾನಿನ ಷೇರುಪೇಟೆ ಆಕಾಶಕ್ಕೇರಿದ ಕಾಲ. 1989ರ ಡಿಸೆಂಬರ್ 29ರಂದು ನಿಕ್ಕೈ ಸೂಚ್ಯಂಕ 38,915ಕ್ಕೆ ಮುಟ್ಟಿ, ಮರುವರ್ಷದಿಂದ ಕುಸಿಯತೊಡಗಿತು. ಆ ಏರಿಕೆಯನ್ನೂ ಕುಸಿತವನ್ನೂ ದಿನವೂ ಜನರಿಗೆ ವಿವರಿಸಿದ ಮುಖ ಅವರದು. ಕಠಿಣ ವಿಷಯವನ್ನು ಚಿಕ್ಕ ಮಾತಿನಲ್ಲಿ ಹೇಳುವುದು, ಕ್ಯಾಮರಾದ ಕಣ್ಣನ್ನು ನೇರವಾಗಿ ನೋಡುವುದು, ಒಂದು ಪದದಲ್ಲಿ ಇಡೀ ಸುದ್ದಿಯನ್ನು ಹಿಡಿದಿಡುವುದು - ಈ ಮೂರು ವಿದ್ಯೆಗಳು ಅಲ್ಲಿಯೇ ಕರಗತವಾದವು. ಮುಂದೆ ಅವರನ್ನು ಗೆಲ್ಲಿಸಿದ್ದೂ ಒಮ್ಮೆ ಸೋಲಿಸಿದ್ದೂ ಇವೇ ವಿದ್ಯೆಗಳು.

ವಲಸೆ ಹಕ್ಕಿ

1992ರಲ್ಲಿ ಮೊರಿಹಿರೊ ಹೊಸೊಕಾವ ಅವರು ಜಪಾನ್ ನ್ಯೂ ಪಾರ್ಟಿ ಎಂಬ ಹೊಸ ಪಕ್ಷವನ್ನು ಕಟ್ಟಿ, ಹೊಸ ಮುಖಗಳನ್ನು ಹುಡುಕುತ್ತಿದ್ದರು. ಆ ವರ್ಷದ ಜುಲೈನಲ್ಲಿ ಕೊಯಿಕೆಯವರು ಆ ಪಕ್ಷದಿಂದ ಮೇಲ್ಮನೆಗೆ ಆಯ್ಕೆಯಾದರು. 1993ರಲ್ಲಿ ತವರು ಪ್ರಾಂತ್ಯ ಹ್ಯೋಗೊದಿಂದ ಕೆಳಮನೆಗೆ ಬಂದರು. ಹೊಸೊಕಾವ ಅದೇ ವರ್ಷ ಪ್ರಧಾನಿಯಾದರು. ಲಿಬರಲ್ ಡೆಮಾಕ್ರಟಿಕ್ ಪಕ್ಷದ 38 ವರ್ಷಗಳ ನಿರಂತರ ಆಳ್ವಿಕೆ ಅಲ್ಲಿಗೆ ತುಂಡಾಯಿತು.

ಆ ಪ್ರಯೋಗ ಬಹುದಿನ ಬಾಳಲಿಲ್ಲ. ಕೊಯಿಕೆಯವರು 1994ರಲ್ಲಿ ನ್ಯೂ ಫ್ರಾಂಟಿಯರ್ ಪಕ್ಷ, 1998ರಲ್ಲಿ ಲಿಬರಲ್ ಪಕ್ಷ, 2000ದಲ್ಲಿ ಕನ್ಸರ್ವೇಟಿವ್ ಪಕ್ಷಗಳನ್ನು ಹಾದು 2002ರಲ್ಲಿ ತಾವು ಮೊದಲು ಎದುರಿಸಿದ್ದ ಲಿಬರಲ್ ಡೆಮಾಕ್ರಟಿಕ್ ಪಕ್ಷವನ್ನೇ ಸೇರಿದರು. ಇದಕ್ಕಾಗಿ ಟೀಕಾಕಾರರು ಅವರಿಗೆ 'ವಲಸೆ ಹಕ್ಕಿ' ಎಂಬ ಅಡ್ಡಹೆಸರಿಟ್ಟರು. ಪಕ್ಷಾಂತರದ ಕಥೆಗಳಿಗೆ ಕರ್ನಾಟಕದಲ್ಲಾಗಲಿ ಮಹಾರಾಷ್ಟ್ರದಲ್ಲಾಗಲಿ ಬರವಿಲ್ಲವಾದ್ದರಿಂದ ನಮ್ಮ ಓದುಗರಿಗೆ ಇದು ಅಚ್ಚರಿಯೆನಿಸಲಾರದು. ಗಮನಿಸಬೇಕಾದ ಅಂಶವೆಂದರೆ, ಪಕ್ಷಗಳು ಬದಲಾದರೂ ಮತದಾರರಿಗೆ ಅವರ ಮುಖ ಬದಲಾಗಲಿಲ್ಲ. ಪಕ್ಷದ ಚಿಹ್ನೆಗಿಂತ ಹಳೆಯದಾದ ಗುರುತು ಅವರಿಗಿತ್ತು.

ಸಚಿವೆಯಾಗಿ

2003ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಜುನಿಚಿರೊ ಕೊಯಿಜುಮಿ ಅವರು ಕೊಯಿಕೆಯವರನ್ನು ಪರಿಸರ ಸಚಿವೆಯಾಗಿ ನೇಮಿಸಿದರು. 2005ರ ಬೇಸಿಗೆಯಲ್ಲಿ ಅವರು ಆರಂಭಿಸಿದ 'ಕೂಲ್ ಬಿಜ್' ಅಭಿಯಾನ ಇಂದಿಗೂ ಅವರ ಹೆಸರಿನೊಂದಿಗೆ ಅಂಟಿಕೊಂಡಿದೆ. ಕಚೇರಿಗಳ ಹವಾನಿಯಂತ್ರಣವನ್ನು 28 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲಿಸುವುದು, ನೌಕರರು ಕೋಟು ಮತ್ತು ಟೈ ಇಲ್ಲದೆ ಬರುವುದು - ಇಷ್ಟೇ ಅದರ ತಿರುಳು. ಬೇಸಿಗೆಯಲ್ಲೂ ಕರಿಯ ಸೂಟು ತೊಡದಿದ್ದರೆ ಅಗೌರವವೆಂದು ಎಣಿಸುತ್ತಿದ್ದ ಸಮಾಜದಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ಪ್ರಧಾನಿ ಮತ್ತು ಸಚಿವರೇ ಟೈ ಕಳಚಿದ ಮೇಲೆ ಗುಮಾಸ್ತರಿಗೂ ಧೈರ್ಯ ಬಂದಿತು. ಕಾನೂನಿನ ಒತ್ತಾಯವಿಲ್ಲದೆ, ಒಂದು ಹೆಸರು ಮತ್ತು ಒಂದು ದೃಶ್ಯದ ಬಲದಿಂದ ರೂಢಿಯನ್ನು ಬದಲಿಸಿದ್ದು ನಿರೂಪಕಿಯ ವಿದ್ಯೆಯ ಫಲವೆಂದೇ ಹೇಳಬೇಕು.

ಅದೇ 2005ರಲ್ಲಿ ಅಂಚೆ ಇಲಾಖೆಯ ಖಾಸಗೀಕರಣವನ್ನು ವಿರೋಧಿಸಿದ ಸ್ವಪಕ್ಷೀಯರ ವಿರುದ್ಧ ಕೊಯಿಜುಮಿ ಹೊಸ ಅಭ್ಯರ್ಥಿಗಳನ್ನು ನಿಲ್ಲಿಸಿದರು. ಪತ್ರಿಕೆಗಳು ಅವರನ್ನು 'ಹಂತಕರು' ಎಂದು ಕರೆದವು. ಹ್ಯೋಗೊದ ಕ್ಷೇತ್ರವನ್ನು ಬಿಟ್ಟು ಟೋಕಿಯೊದ ಹತ್ತನೆಯ ಕ್ಷೇತ್ರಕ್ಕೆ ಬಂದ ಕೊಯಿಕೆಯವರು ಅವರಲ್ಲಿ ಪ್ರಮುಖರು, ಗೆದ್ದೂ ಬಂದರು. 2007ರ ಜುಲೈ 4ರಂದು ದೇಶದ ಮೊದಲ ಮಹಿಳಾ ರಕ್ಷಣಾ ಸಚಿವೆಯಾದರು. ಆದರೆ ಇಲಾಖೆಯ ಹಿರಿಯ ಅಧಿಕಾರಿಯ ನೇಮಕ ಕುರಿತ ಜಗಳದ ನಡುವೆ ಆ ಪದವಿ ಆಗಸ್ಟ್ 27ಕ್ಕೇ ಮುಗಿಯಿತು. 2008ರಲ್ಲಿ ಪಕ್ಷದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ ಮೊದಲ ಮಹಿಳೆಯೆನಿಸಿದರು. ಗೆದ್ದ ತಾರೊ ಆಸೊ 351 ಮತ ಪಡೆದರೆ ಕೊಯಿಕೆಯವರಿಗೆ ದೊರೆತದ್ದು 46. ಪಕ್ಷದ ಒಳಗೆ ಬೇರುಗಳಿಲ್ಲದವರು ಪಕ್ಷದ ಹೊರಗಿನ ಜನಪ್ರಿಯತೆಯಿಂದ ಪ್ರಧಾನಿಯಾಗಲಾರರು ಎಂಬುದು ಅಂದು ಸ್ಪಷ್ಟವಾಯಿತು.

2016ರ ಜನಾದೇಶ

ಟೋಕಿಯೊದ ಗವರ್ನರ್ ನಾಓಕಿ ಇನೋಸೆ 2013ರ ಡಿಸೆಂಬರ್‌ನಲ್ಲಿ ಹಣದ ವ್ಯವಹಾರವೊಂದರ ಆರೋಪದಿಂದ ರಾಜೀನಾಮೆ ನೀಡಿದರು. ಅವರ ನಂತರ ಬಂದ ಯೊಯಿಚಿ ಮಾಸುಜೊಎ ಅವರೂ ರಾಜಕೀಯ ನಿಧಿಯ ದುರ್ಬಳಕೆಯ ಆರೋಪ ಹೊತ್ತು 2016ರ ಜೂನ್‌ನಲ್ಲಿ ಪದತ್ಯಾಗ ಮಾಡಿದರು. ಒಲಿಂಪಿಕ್ ಕ್ರೀಡಾಕೂಟದ ಹೊಣೆ ಹೊತ್ತ ನಗರಕ್ಕೆ ಎರಡೂವರೆ ವರ್ಷಗಳಲ್ಲಿ ಇಬ್ಬರು ಗವರ್ನರರು ನಷ್ಟವಾದರು.

ಕೊಯಿಕೆಯವರು ಪಕ್ಷದ ಒಪ್ಪಿಗೆಗೆ ಕಾಯದೆ ಕಣಕ್ಕಿಳಿದರು. ಪಕ್ಷವು ಮಾಜಿ ಸಚಿವ ಹಿರೊಯಾ ಮಾಸುದಾ ಅವರನ್ನು ಬೆಂಬಲಿಸಿತು. ವಿರೋಧ ಪಕ್ಷಗಳು ಶುಂತಾರೊ ತೊರಿಗೊಎ ಎಂಬ ಪತ್ರಕರ್ತರನ್ನು ನಿಲ್ಲಿಸಿದವು; ಅವರೂ ದೂರದರ್ಶನದಿಂದಲೇ ಮನೆಮಾತಾದವರು. ಹೀಗೆ ಪರದೆಯ ಇಬ್ಬರು ಪರಿಚಿತರು ಒಂದೇ ಕಣದಲ್ಲಿದ್ದರು. ಹಸಿರು ಬಣ್ಣವನ್ನೇ ಗುರುತಾಗಿಸಿಕೊಂಡ ಕೊಯಿಕೆಯವರು ಜುಲೈ 31ರಂದು 29,12,628 ಮತ ಪಡೆದು ಟೋಕಿಯೊದ ಮೊದಲ ಮಹಿಳಾ ಗವರ್ನರ್ ಆದರು. ಮಾಸುದಾ ಅವರಿಗೆ ಸುಮಾರು 17.9 ಲಕ್ಷ, ತೊರಿಗೊಎ ಅವರಿಗೆ ಸುಮಾರು 13.5 ಲಕ್ಷ ಮತಗಳು ಬಂದವು. ಕೇವಲ ಪರಿಚಿತ ಮುಖವೇ ಸಾಕಾಗಿದ್ದರೆ ತೊರಿಗೊಎ ಮೂರನೆಯವರಾಗುತ್ತಿರಲಿಲ್ಲ. ಕೊಯಿಕೆಯವರಿಗೆ ಅದಾಗಲೇ 24 ವರ್ಷಗಳ ಸಂಸದೀಯ ಅನುಭವವಿತ್ತು. ಅಧಿಕಾರಕ್ಕೆ ಬಂದೊಡನೆ ತಮ್ಮ ಸಂಬಳವನ್ನು ಅರ್ಧಕ್ಕಿಳಿಸಿಕೊಂಡರು.

ಏಳು ಸೊನ್ನೆಗಳ ಲೆಕ್ಕ

ಆ ಚುನಾವಣೆಯಲ್ಲಿ ಅವರು ಏಳು 'ಸೊನ್ನೆ'ಗಳನ್ನು ಮಾತು ಕೊಟ್ಟಿದ್ದರು. ಶಿಶುಪಾಲನಾ ಕೇಂದ್ರಕ್ಕಾಗಿ ಕಾಯುವ ಮಕ್ಕಳ ಪಟ್ಟಿ, ಅತಿಯಾದ ಹೆಚ್ಚುವರಿ ದುಡಿಮೆ, ಕಿಕ್ಕಿರಿದ ರೈಲು, ಸಾಕುಪ್ರಾಣಿಗಳ ಹತ್ಯೆ, ವೃದ್ಧರ ಆರೈಕೆಗಾಗಿ ಕೆಲಸ ಬಿಡಬೇಕಾದ ಸ್ಥಿತಿ, ರಸ್ತೆಯ ವಿದ್ಯುತ್ ಕಂಬಗಳು, ನಗರದ ಪಶ್ಚಿಮಕ್ಕಿರುವ ತಾಮಾ ಪ್ರದೇಶದೊಂದಿಗಿನ ತಾರತಮ್ಯ - ಇವೆಲ್ಲವೂ ಸೊನ್ನೆಗೆ ಇಳಿಯಬೇಕೆಂಬುದು ಅವರ ಘೋಷಣೆ. ದೂರದರ್ಶನದ ಪರದೆಗೆ ಹೇಳಿ ಮಾಡಿಸಿದಂಥ ಘೋಷಣೆಯಿದು. ಆದರೆ ಸೊನ್ನೆ ಎಂಬ ಅಂಕಿಗೆ ಒಂದು ಗುಣವಿದೆ: ಅದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

ಶಿಶುಪಾಲನೆಯಲ್ಲಿ ಫಲಿತಾಂಶ ಗಣನೀಯ. 2016ರ ಏಪ್ರಿಲ್‌ನಲ್ಲಿ 8,466 ಇದ್ದ ಕಾಯುವ ಮಕ್ಕಳ ಸಂಖ್ಯೆ 2020ರಲ್ಲಿ 2,343ಕ್ಕೂ 2021ರಲ್ಲಿ 969ಕ್ಕೂ ಇಳಿದು, ಮುಂದಿನ ವರ್ಷಗಳಲ್ಲಿ 300ರ ಆಸುಪಾಸಿಗೆ ಬಂದಿತು. ಸೊನ್ನೆ ಆಗಲಿಲ್ಲ, ಆದರೆ ಸಾವಿರಾರು ತಾಯಂದಿರು ಕೆಲಸಕ್ಕೆ ಮರಳಲು ಸಾಧ್ಯವಾಯಿತು. ಇದು ನಗರಾಡಳಿತದ ಕೈಯಲ್ಲೇ ಇದ್ದ ಕೆಲಸ: ಹಣ, ಜಾಗ, ಶಿಕ್ಷಕಿಯರ ಸಂಬಳ. ನಾಯಿ ಬೆಕ್ಕುಗಳ ಹತ್ಯೆಯನ್ನು, ಗುಣವಾಗದ ಪ್ರಾಣಿಗಳ ಹೊರತು, 2018ನೇ ಸಾಲಿನ ಹೊತ್ತಿಗೆ ನಿಲ್ಲಿಸಿದುದಾಗಿ ಟೋಕಿಯೊ ಆಡಳಿತ ಪ್ರಕಟಿಸಿತು. ವಿದ್ಯುತ್ ಕಂಬಗಳು ಇನ್ನೂ ನಿಂತಿವೆ.

ರೈಲಿನ ಕಥೆ ನಮಗೆ ಹೆಚ್ಚು ಹತ್ತಿರದ್ದು. ಎರಡು ಅಂತಸ್ತಿನ ರೈಲುಗಳನ್ನು ಓಡಿಸುವ ಮಾತನ್ನು ಕೊಯಿಕೆಯವರು ಆಡಿದ್ದರು. ಆದರೆ ಟೋಕಿಯೊದ ಉಪನಗರ ರೈಲುಗಳಲ್ಲಿ ಹೆಚ್ಚಿನವು ಖಾಸಗಿ ಕಂಪೆನಿಗಳವು. ಗವರ್ನರರ ನೇರ ಹತೋಟಿಯಲ್ಲಿರುವುದು ತೋಯೆಯಿ ಎಂಬ ನಾಲ್ಕು ಸುರಂಗ ಮಾರ್ಗಗಳು ಮಾತ್ರ. ಆದ್ದರಿಂದ 2017ರಲ್ಲಿ ಅವರು ಹಿಡಿದ ದಾರಿ ಬೇರೆ: ಕಚೇರಿಗಳು ಕೆಲಸದ ವೇಳೆಯನ್ನು ಹಿಂದುಮುಂದಾಗಿಸಲಿ ಎಂಬ ಅಭಿಯಾನ. ಅದರಿಂದಾದ ಲಾಭ ಅಲ್ಪ. ಟೋಕಿಯೊ ಪ್ರದೇಶದ ರೈಲುಗಳ ಸರಾಸರಿ ದಟ್ಟಣೆ 2019ರಲ್ಲಿ ಶೇಕಡಾ 163 ಇದ್ದದ್ದು 2020ರಲ್ಲಿ 107ಕ್ಕೆ ಕುಸಿಯಿತು. ಕುಸಿಯಲು ಕಾರಣ ಆಡಳಿತವಲ್ಲ, ಮಹಾಮಾರಿ. 2023ರಲ್ಲಿ ಅದು ಮತ್ತೆ 136ಕ್ಕೆ ಏರಿತು.

ನಮ್ಮ ಮುಂಬಯಿ ಲೋಕಲ್‌ಗಳಲ್ಲಿ ದಟ್ಟಣೆಯ ವೇಳೆ ಒಂದು ಚದರ ಮೀಟರಿನಲ್ಲಿ 14ರಿಂದ 16 ಮಂದಿ ನಿಲ್ಲುತ್ತಾರೆ ಎಂಬ ಲೆಕ್ಕವನ್ನು ಇದರೊಂದಿಗೆ ಇಟ್ಟು ನೋಡಬೇಕು. 2025ರ ಜೂನ್ 9ರಂದು ಮುಂಬ್ರಾದ ತಿರುವಿನಲ್ಲಿ ಬಾಗಿಲಿಗೆ ಜೋತುಬಿದ್ದಿದ್ದ ಪ್ರಯಾಣಿಕರು ಹಳಿಗೆ ಉರುಳಿ ಕನಿಷ್ಠ ನಾಲ್ವರು ಮೃತಪಟ್ಟದ್ದು ಕಲ್ಯಾಣ - ಡೊಂಬಿವಲಿಯ ಪ್ರತಿ ಮನೆಯ ಎದೆಯನ್ನೂ ನಡುಗಿಸಿತ್ತು. ಆ ಬಳಿಕ ಹೊಸ ಲೋಕಲ್‌ಗಳಿಗೆ ತಾನಾಗಿ ಮುಚ್ಚುವ ಬಾಗಿಲುಗಳನ್ನು ಅಳವಡಿಸುವ ಭರವಸೆ ರೈಲ್ವೆಯಿಂದ ಬಂದಿತು. ನಮ್ಮಲ್ಲೂ ರೈಲು ಪಾಲಿಕೆಯ ಕೈಯಲ್ಲಿಲ್ಲ, ರಾಜ್ಯದ ಕೈಯಲ್ಲೂ ಇಲ್ಲ. ಮತ ಕೇಳಲು ಬಂದವರು ರೈಲಿನ ಮಾತೆತ್ತಿದಾಗ, ಅದು ಯಾರ ಅಧಿಕಾರದಲ್ಲಿದೆ ಎಂದು ಕೇಳುವುದು ಮತದಾರರ ಮೊದಲ ಪ್ರಶ್ನೆಯಾಗಬೇಕು. ಟೋಕಿಯೊ ಕಲಿಸುವ ಪಾಠ ಇದು.

ಮೀನು ಮಾರುಕಟ್ಟೆಯ ಸ್ಥಳಾಂತರ

ಮಸ್ಜಿದ್ ಬಂದರ್, ಕ್ರಾಫರ್ಡ್ ಮಾರುಕಟ್ಟೆ, ಭಾಯಖಳಾಗಳ ಸಗಟು ವ್ಯಾಪಾರ ವಾಶಿಗೆ ಬಂದಾಗ ಎಂಥ ಕೋಲಾಹಲವಾಯಿತೆಂಬುದು ನವಿ ಮುಂಬಯಿಯ ಹಿರಿಯರಿಗೆ ನೆನಪಿರಬಹುದು. ಟೋಕಿಯೊದಲ್ಲಿ 1935ರಲ್ಲಿ ಆರಂಭವಾದ ತ್ಸುಕಿಜಿ ಮೀನು ಮಾರುಕಟ್ಟೆಯನ್ನು ತೊಯೊಸು ಎಂಬಲ್ಲಿಗೆ 2016ರ ನವೆಂಬರ್ 7ರಂದು ಸ್ಥಳಾಂತರಿಸುವುದೆಂದು ನಿಶ್ಚಯವಾಗಿತ್ತು. ತೊಯೊಸು ಹಿಂದೆ ಅನಿಲ ತಯಾರಿಕಾ ಸ್ಥಾವರವಿದ್ದ ಜಾಗ. ಅಲ್ಲಿಯ ಮಣ್ಣಿನಲ್ಲಿ ಬೆಂಜೀನ್, ಆರ್ಸೆನಿಕ್ ಮುಂತಾದ ವಿಷವಸ್ತುಗಳಿದ್ದವು. ಅಧಿಕಾರಕ್ಕೆ ಬಂದ ತಿಂಗಳಲ್ಲೇ, ಆಗಸ್ಟ್ 31ರಂದು, ಕೊಯಿಕೆಯವರು ಸ್ಥಳಾಂತರವನ್ನು ಮುಂದೂಡಿದರು.

ಸೆಪ್ಟೆಂಬರ್‌ನಲ್ಲಿ ಹೊರಬಿದ್ದ ಸಂಗತಿ ಅವರ ಅನುಮಾನವನ್ನು ಸಮರ್ಥಿಸಿತು. ಕಟ್ಟಡಗಳ ಕೆಳಗೆ ತುಂಬಬೇಕಾಗಿದ್ದ ಶುದ್ಧ ಮಣ್ಣನ್ನು ತುಂಬದೆ ಟೊಳ್ಳು ನೆಲಮಾಳಿಗೆಗಳನ್ನು ಬಿಡಲಾಗಿತ್ತು. 2017ರ ಜನವರಿಯಲ್ಲಿ ಅಂತರ್ಜಲದಲ್ಲಿ ಬೆಂಜೀನ್ ಪ್ರಮಾಣ ಮಾನದಂಡದ 79 ಪಟ್ಟು ಇದೆಯೆಂಬ ವರದಿ ಬಂದಿತು. ಪ್ರಶ್ನೆ ಕೇಳುವವರ ಆಸನದಿಂದ ಬಂದವರ ಶಕ್ತಿ ಇಲ್ಲಿ ಸಾರ್ಥಕವಾಯಿತು. ಆದರೆ ಮುಂದೇನು ಎಂಬ ಪ್ರಶ್ನೆಗೆ ಅವರೇ ಉತ್ತರ ಕೊಡಬೇಕಾಗಿತ್ತು. 2017ರ ಜೂನ್‌ನಲ್ಲಿ, ತ್ಸುಕಿಜಿಯನ್ನೂ ಉಳಿಸಿ ತೊಯೊಸುವನ್ನೂ ಬಳಸುವುದಾಗಿ ಹೇಳಿದರು. ಹೆಚ್ಚಿನ ಶುದ್ಧೀಕರಣದ ಬಳಿಕ 2018ರ ಅಕ್ಟೋಬರ್ 6ರಂದು ತ್ಸುಕಿಜಿ ಮುಚ್ಚಿತು, 11ರಂದು ತೊಯೊಸು ತೆರೆಯಿತು. ತ್ಸುಕಿಜಿಯನ್ನು ಆಹಾರ ಸಂಸ್ಕೃತಿಯ ತಾಣವಾಗಿ ಉಳಿಸುವ ಮಾತು ಮುಂದಿನ ಯೋಜನೆಗಳಲ್ಲಿ ಮಸುಕಾಯಿತು. ಎರಡು ವರ್ಷಗಳ ಅನಿಶ್ಚಿತತೆಯನ್ನು ಅನುಭವಿಸಿದವರು ಸಣ್ಣ ವ್ಯಾಪಾರಿಗಳು.

ಒಂದು ಉತ್ತರದ ಬೆಲೆ

2017ರ ಜುಲೈ 2ರ ಟೋಕಿಯೊ ವಿಧಾನಸಭಾ ಚುನಾವಣೆಯಲ್ಲಿ ಕೊಯಿಕೆಯವರ 'ತೋಮಿನ್ ಫಸ್ಟ್' ಪಕ್ಷ 127ರಲ್ಲಿ 55 ಸ್ಥಾನಗಳ ಬಲ ಪಡೆಯಿತು. ಲಿಬರಲ್ ಡೆಮಾಕ್ರಟಿಕ್ ಪಕ್ಷ 23ಕ್ಕೆ ಕುಸಿಯಿತು. ಆ ಗೆಲುವಿನ ಬಿಸಿಯಲ್ಲೇ ಸೆಪ್ಟೆಂಬರ್ 25ರಂದು ಅವರು ರಾಷ್ಟ್ರಮಟ್ಟದ 'ಕಿಬೊ ನೊ ತೊ', ಅಂದರೆ ಭರವಸೆಯ ಪಕ್ಷವನ್ನು ಪ್ರಕಟಿಸಿದರು. ಪ್ರಮುಖ ವಿರೋಧ ಪಕ್ಷವಾದ ಡೆಮಾಕ್ರಟಿಕ್ ಪಕ್ಷವೇ ಅದರೊಳಗೆ ಸೇರಲು ಮುಂದಾಯಿತು. ಪ್ರಧಾನಿ ಪದವಿ ಕೈಗೆಟುಕುವಂತೆ ಕಂಡಿತು.

ಸೆಪ್ಟೆಂಬರ್ 29ರ ಪತ್ರಿಕಾಗೋಷ್ಠಿಯಲ್ಲಿ ಪತ್ರಕರ್ತರೊಬ್ಬರು, ಆ ಪಕ್ಷದ ಎಲ್ಲರನ್ನೂ ಸೇರಿಸಿಕೊಳ್ಳುವಿರಾ ಎಂದು ಕೇಳಿದರು. ಒಪ್ಪದವರನ್ನು ಹೊರಗಿಡಲಾಗುವುದು ಎಂಬರ್ಥದ ಉತ್ತರ ಕೊಯಿಕೆಯವರಿಂದ ಬಂದಿತು. 'ಹೊರಗಿಡುವುದು' ಎಂಬ ಆ ಒಂದೇ ಪದ ದೂರದರ್ಶನದಲ್ಲಿ ದಿನಗಟ್ಟಲೆ ಮೊಳಗಿತು. ಹೊರಗುಳಿದವರು ಯುಕಿಯೊ ಎದಾನೊ ಅವರ ನೇತೃತ್ವದಲ್ಲಿ ಬೇರೆ ಪಕ್ಷ ಕಟ್ಟಿದರು. ಅಕ್ಟೋಬರ್ 22ರ ಚುನಾವಣೆಯಲ್ಲಿ ಭರವಸೆಯ ಪಕ್ಷ 50 ಸ್ಥಾನಗಳಲ್ಲಿ ನಿಂತಿತು; ಎದಾನೊ ಅವರ ಪಕ್ಷ ಅದನ್ನು ಹಿಂದಿಕ್ಕಿತು. ನವೆಂಬರ್ 14ರಂದು ಕೊಯಿಕೆಯವರು ನಾಯಕತ್ವ ತ್ಯಜಿಸಿದರು. ಒಂದು ಪದದಲ್ಲಿ ಸುದ್ದಿಯನ್ನು ಹಿಡಿದಿಡುವ ಅವರ ವಿದ್ಯೆ ಅವರ ಮೇಲೆಯೇ ತಿರುಗಿ ಬಿದ್ದಿತ್ತು.

ಮಹಾಮಾರಿ, ಒಲಿಂಪಿಕ್ಸ್ ಮತ್ತು ನಂತರ

2016ರ ಆಗಸ್ಟ್‌ನಲ್ಲಿ ರಿಯೊ ನಗರದಲ್ಲಿ ಕಿಮೋನೊ ತೊಟ್ಟು ಒಲಿಂಪಿಕ್ ಧ್ವಜವನ್ನು ಸ್ವೀಕರಿಸಿದ್ದ ಕೊಯಿಕೆಯವರು, 2020ರ ಮಾರ್ಚ್‌ನಲ್ಲಿ ಕ್ರೀಡಾಕೂಟ ಮುಂದೂಡಲ್ಪಟ್ಟದ್ದನ್ನು ಕಾಣಬೇಕಾಯಿತು. ಮುಚ್ಚಿದ ಜಾಗ, ಜನಜಂಗುಳಿ, ಹತ್ತಿರದ ಮಾತುಕತೆ ಎಂಬ ಮೂರನ್ನು ದೂರವಿಡಿರೆಂಬ ಘೋಷಣೆಯನ್ನು ಅವರು ನಿತ್ಯವೂ ಹೇಳಿದರು. ಅದು ಜಪಾನಿನಲ್ಲಿ 2020ರ ವರ್ಷದ ಪದವೆಂದು ಪುರಸ್ಕೃತವಾಯಿತು. ಆ ವರ್ಷದ ಜುಲೈ 5ರಂದು 36,61,371 ಮತಗಳೊಂದಿಗೆ ಅವರು ಎರಡನೆಯ ಅವಧಿಗೆ ಆಯ್ಕೆಯಾದರು. 2021ರ ಜುಲೈ 23ರಿಂದ ಆಗಸ್ಟ್ 8ರವರೆಗೆ ಟೋಕಿಯೊದ ಕ್ರೀಡಾಂಗಣಗಳಲ್ಲಿ ಪ್ರೇಕ್ಷಕರಿಲ್ಲದೆಯೇ ಒಲಿಂಪಿಕ್ಸ್ ನಡೆಯಿತು.

2024ರ ಜುಲೈ 7ರಂದು ದಾಖಲೆಯ 56 ಅಭ್ಯರ್ಥಿಗಳ ನಡುವೆ 29,18,015 ಮತಗಳೊಂದಿಗೆ ಮೂರನೆಯ ಗೆಲುವು ಬಂದಿತು. ಎರಡನೆಯ ಸ್ಥಾನ ಅಂತರಜಾಲದ ವಿಡಿಯೊಗಳಿಂದ ಪ್ರಸಿದ್ಧರಾದ ಶಿಂಜಿ ಇಶಿಮಾರು ಅವರದು. ಒಂದು ಕಾಲದಲ್ಲಿ ದೂರದರ್ಶನದ ನಿರೂಪಕಿಯೇ ಆಗಿದ್ದ ರೆನ್‌ಹೊ ಮೂರನೆಯವರಾದರು. ಪರದೆ ಚಿಕ್ಕದಾಗಿ ಅಂಗೈಗೆ ಇಳಿದುದರ ಸೂಚನೆಯಿದು.

ಹದಿನೆಂಟು ವರ್ಷದವರೆಗಿನ ಪ್ರತಿ ಮಗುವಿಗೆ ತಿಂಗಳಿಗೆ 5,000 ಯೆನ್ ನೆರವು, 2025ರ ಏಪ್ರಿಲ್‌ನಿಂದ ಹೊಸ ಮನೆಗಳಿಗೆ ಸೌರಫಲಕದ ನಿಯಮ, ನಗರಾಡಳಿತದ ನೌಕರರಿಗೆ ವಾರಕ್ಕೆ ನಾಲ್ಕು ದಿನ ದುಡಿಯುವ ಆಯ್ಕೆ ಇವರ ಈಚಿನ ಕ್ರಮಗಳು. ಆದರೂ ಟೋಕಿಯೊದ ಜನನ ದರ 2023ರಲ್ಲಿ ಒಬ್ಬ ಮಹಿಳೆಗೆ 0.99ಕ್ಕೂ 2024ರಲ್ಲಿ 0.96ಕ್ಕೂ ಇಳಿಯಿತು. ಟೀಕೆಗಳೂ ಉಂಟು. 1923ರ ಮಹಾಭೂಕಂಪದ ವೇಳೆ ಹತ್ಯೆಯಾದ ಕೊರಿಯನ್ನರ ಸ್ಮರಣ ಸಭೆಗೆ ಗವರ್ನರರು ಸಂತಾಪ ಸಂದೇಶ ಕಳುಹಿಸುತ್ತಿದ್ದ ರೂಢಿಯನ್ನು ಅವರು 2017ರಿಂದ ನಿಲ್ಲಿಸಿದರು. ಎಲ್ಲ ಮೃತರಿಗೂ ಒಟ್ಟಾಗಿ ಶ್ರದ್ಧಾಂಜಲಿ ಸಲ್ಲಿಸುವುದಾಗಿ ಅವರು ಹೇಳುತ್ತಾರೆ. ಹತ್ಯೆಯ ಬಗ್ಗೆ ನೇರ ಪ್ರಶ್ನೆ ಬಂದಾಗ ನೇರ ಉತ್ತರ ಬರುವುದಿಲ್ಲ. 2025ರ ಅಕ್ಟೋಬರ್ 21ರಂದು ಸನಾಎ ತಾಕಾಇಚಿ ಜಪಾನಿನ ಮೊದಲ ಮಹಿಳಾ ಪ್ರಧಾನಿಯಾದರು. ಅವರೂ ಹಿಂದೊಮ್ಮೆ ದೂರದರ್ಶನದಲ್ಲಿ ಕಾರ್ಯಕ್ರಮ ನಿರೂಪಿಸಿದವರೇ. ಕೊಯಿಕೆಯವರು ಬಯಸಿದ್ದ ಆ ಮೊದಲಿನ ಸ್ಥಾನ ಹೀಗೆ ಇನ್ನೊಬ್ಬ ನಿರೂಪಕಿಗೆ ಸಂದಿತು.

ನಮಗೆ ಉಳಿಯುವ ಮಾತು

ಕೊಯಿಕೆಯವರ ಬದುಕನ್ನು ಒಟ್ಟಾಗಿ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ದೂರದರ್ಶನ ಅವರಿಗೆ ಬಾಗಿಲು ತೆರೆಯಿತು. ಒಳಗೆ ಉಳಿಸಿದ್ದು ಮಾತ್ರ ಕೆಲಸ. ತಮ್ಮ ಅಧಿಕಾರದೊಳಗಿದ್ದ ಶಿಶುಪಾಲನೆಯಂಥ ವಿಷಯದಲ್ಲಿ ಅವರು ಸೊನ್ನೆಗೆ ಸಮೀಪ ಬಂದರು. ಅಧಿಕಾರದ ಹೊರಗಿದ್ದ ರೈಲಿನ ವಿಷಯದಲ್ಲಿ ಘೋಷಣೆ ಘೋಷಣೆಯಾಗಿಯೇ ಉಳಿಯಿತು. ಈ ವ್ಯತ್ಯಾಸವನ್ನು ಟೋಕಿಯೊದ ಮತದಾರರು ಅಳೆಯಲು ಸಾಧ್ಯವಾದದ್ದು ಅಲ್ಲಿ ಲೆಕ್ಕ ಕೊಡಬೇಕಾದವರು ಯಾರೆಂಬುದು ಸ್ಪಷ್ಟವಾಗಿರುವುದರಿಂದ, ಮತ್ತು ನಾಲ್ಕು ವರ್ಷಕ್ಕೊಮ್ಮೆ ಅವರು ಜನರ ಮುಂದೆ ಬರಲೇಬೇಕಾಗಿರುವುದರಿಂದ.

ನಮ್ಮ ಕಲ್ಯಾಣ - ಡೊಂಬಿವಲಿ ಮತ್ತು ನವಿ ಮುಂಬಯಿ ಮಹಾನಗರಪಾಲಿಕೆಗಳು 2020ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾಯಿತ ಸದಸ್ಯರಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿದ್ದವು. ನೀರು, ರಸ್ತೆ, ಕಸದ ಬಗ್ಗೆ ಯಾರನ್ನು ಕೇಳಬೇಕೆಂದು ತಿಳಿಯದ ಆ ವರ್ಷಗಳನ್ನು ನಾವೆಲ್ಲರೂ ಕಳೆದಿದ್ದೇವೆ. ಇಲ್ಲಿ ಎರಡು ಮೂರು ತಲೆಮಾರುಗಳಿಂದ ಬೇರೂರಿರುವ ಕನ್ನಡಿಗರು ಸಂಘ ಸಂಸ್ಥೆಗಳಲ್ಲಿ ತೋರುವ ಆಸ್ಥೆಯನ್ನು ವಾರ್ಡಿನ ವಿಚಾರಗಳಲ್ಲೂ ತೋರಬೇಕಾಗಿದೆ. ಮತ ಕೇಳಲು ಬರುವವರ ಮುಖ ನಮಗೆ ಪರಿಚಿತವೇ ಅಲ್ಲವೇ ಎಂಬುದು ದೊಡ್ಡ ಮಾತಲ್ಲ. ಅವರು ಕೊಡುವ ಮಾತು ಅವರ ಅಧಿಕಾರದೊಳಗಿದೆಯೇ, ಹಿಂದೆ ಕೊಟ್ಟ ಮಾತಿನಲ್ಲಿ ಎಷ್ಟು ಉಳಿಸಿಕೊಂಡರು ಎಂದು ಕೇಳುವ ನಿರೂಪಕರ ಕೆಲಸವನ್ನು ಮತದಾರರಾದ ನಾವೇ ಮಾಡಬೇಕು.